ತಂದೆಯ ವಿದ್ಯಾಭ್ಯಾಸ

ಪರದೇಶದ ಶೋರ್‌ಲೈನ್ ಎನ್ನುವ ಊರಿನಲ್ಲಿ ನಾವು ಬಾಡಿಗೆಗಿದ್ದ ಮನೆ ಅರ್ಧ ನೆಲದೊಳಗಿತ್ತು. ಮೇಲೆ ಮಾಲೀಕರು, ಕೆಳಗೆ ನಾವು. ಪಕ್ಕದ ಇಳಿಜಾರಿನಲ್ಲಿ ಆರು ಮೆಟ್ಟಿಲಿಳಿದರೆ ನಮ್ಮ ಬಾಗಿಲು. ಅಡುಗೆಮನೆಯ ಕಿಟಕಿ ಹುಲ್ಲಿನ ಮಟ್ಟಕ್ಕಿದ್ದುದರಿಂದ ಪಾತ್ರೆ ತೊಳೆಯುತ್ತ ತಲೆಯೆತ್ತಿದರೆ ಕಾಣುತ್ತಿದ್ದದ್ದು ಹುಲ್ಲಿನ ಬುಡ, ಮಾಲೀಕರ ನಾಯಿಯ ನಾಲ್ಕು ಕಾಲು, ಇಲ್ಲವೆ ಗಾಜಿನ ಮೇಲೆ ಇಳಿಯುವ ಮಳೆ. ಅಲ್ಲಿನ ಮಳೆ ನಮ್ಮೂರಿನದರ ಹಾಗೆ ಬಂದು ಹೋಗುವುದಲ್ಲ, ಬಂದು ಕೂರುತ್ತದೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರಕ್ಕೊಂದು ಮೂಲೆ. ಮೇಜು ಮಾತ್ರ ಒಂದೇ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಆ ಗುಂಡು ಮೇಜಿನ ಮೇಲೆಯೇ ನನ್ನ ಹೆಂಡತಿ ಲಕ್ಷ್ಮಿ ತರಕಾರಿ ಹೆಚ್ಚಬೇಕು, ನಾವು ಮೂವರೂ ಉಣ್ಣಬೇಕು, ನಾನು ರಿಪೇರಿಗೆ ತಂದ ಗ್ರೈಂಡರ್ ಬಿಚ್ಚಬೇಕು, ಮಗಳು ಚೈತ್ರ ಓದಬೇಕು. ಬೆಳಗಿನ ಐದಕ್ಕೆ ಶುರುವಾಗುವ ನನ್ನ ಕೆಲಸ ಮುಗಿದು, ಊರಿನ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿಕೊಂಡು ಬರುವಷ್ಟರಲ್ಲಿ ಮೂರು ಗಂಟೆ. ಸ್ನಾನ ಮಾಡಿ ಬಂದು ಕೂತರೆ ಲಕ್ಷ್ಮಿ ಪುಸ್ತಕ ಸರಿಸಿ ತಟ್ಟೆ ಇಡುತ್ತಿದ್ದಳು. ಮುದ್ದೆ, ಹುರುಳಿ ಸಾರು. ಚೈತ್ರ ಸರಿಸಿದ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಓದು ಮುಂದುವರಿಸುತ್ತಿದ್ದಳು. ನನ್ನ ಬಾಲ್ಯದ ಮನೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಈ ಮನೆ, ಈ ಮೇಜು. ಹನ್ನೆರಡನೇ ವಯಸ್ಸಿನಲ್ಲಿ ನಾನು ಏನು ಮಾಡಿಕೊಂಡೆ ಎನ್ನುವುದು ನನಗೆ ತಿಳಿದದ್ದು ಐವತ್ತರ ಹತ್ತಿರ, ಈ ಮೇಜಿನ ಮುಂದೆ ಕೂತಾಗ.

ನಮ್ಮನ್ನು ಆ ದೇಶಕ್ಕೆ ಕರೆಸಿಕೊಂಡದ್ದು ನಮ್ಮಕ್ಕ. ನರ್ಸ್ ಆಗಿ ಬಹಳ ಹಿಂದೆಯೇ ಹೋದವಳು, ತಮ್ಮನ ಹೆಸರಿಗೆ ಅರ್ಜಿ ಹಾಕಿ ಮರೆತೇಬಿಟ್ಟಿದ್ದಳು. ವೀಸಾದ ಕಾಗದ ಬಂದಾಗ ಚೈತ್ರಳಿಗೆ ಹನ್ನೊಂದು. ನನಗೆ ಯಂತ್ರದ ಕೆಲಸ ಬಿಟ್ಟರೆ ಬೇರೇನೂ ಬಾರದು. ಬ್ರೆಡ್ ಮಾಡುವ ಕಾರ್ಖಾನೆಯೊಂದರಲ್ಲಿ ಬೆಲ್ಟು, ಬೇರಿಂಗು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಲಕ್ಷ್ಮಿ ಮಕ್ಕಳನ್ನು ನೋಡಿಕೊಳ್ಳುವ ಡೇಕೇರಿನಲ್ಲಿ ಕೆಲಸಕ್ಕೆ ಸೇರಿದಳು. ನಮಗೆ ಪರಿಚಯವಾದ ಕನ್ನಡದವರೆಲ್ಲ ಊರಂಚಿನ ದೊಡ್ಡ ಸರೋವರದ ಆಚೆಯವರು, ರೆಡ್ಮಂಡ್ ಕಡೆ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದವರು. ಒಳ್ಳೆಯ ಜನ. ಊರಿಂದ ಹೊತ್ತು ತಂದ ಗ್ರೈಂಡರ್ ಕೆಟ್ಟರೆ ನನಗೆ ಫೋನ್ ಮಾಡುತ್ತಿದ್ದರು. ಇಬ್ಬರು ಮೂವರು ಎಂಜಿನಿಯರುಗಳು ಕೈಕಟ್ಟಿ ನಿಂತು, ಮೋಟಾರೇ ಹೋಗಿರಬೇಕು ಎಂದು ಚರ್ಚೆ ಮಾಡುತ್ತಿದ್ದರೆ ನಾನು ಕಲ್ಲೆತ್ತಿ, ಸಿಕ್ಕಿಕೊಂಡಿದ್ದ ತೆಂಗಿನ ಚಿಪ್ಪಿನ ಚೂರನ್ನು ತೆಗೆದು ಅವರ ಅಂಗೈಗೆ ಹಾಕುತ್ತಿದ್ದೆ. ಅಂಥ ಹೊತ್ತಿನಲ್ಲಿ ನಾನು ಯಾರಿಗೂ ಕಡಿಮೆ ಅನ್ನಿಸುತ್ತಿರಲಿಲ್ಲ. ಆದರೆ ಹಬ್ಬದೂಟಗಳಲ್ಲಿ ಹಾಗಲ್ಲ. ಅಲ್ಲಿ ಗಂಡಸರು ತಟ್ಟೆ ಹಿಡಿದು ನಿಂತು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಊರಲ್ಲ, ಮನೆತನವಲ್ಲ, ಕಾಲೇಜು. ನಾವು ಹೋದ ಮೊದಲನೇ ಯುಗಾದಿಯಲ್ಲೇ ಪ್ರಸಾದ್ ಎನ್ನುವವರು ಕೇಳಿದರು.

“ಯಾವ ಕಾಲೇಜು ಸಾರ್ ನಿಮ್ದು?”

“ತಿಪಟೂರು.”

“ಓ, ಎಂಜಿನಿಯರಿಂಗಾ?”

“ಇಲ್ಲ, ಬಿ.ಕಾಂ.”

“ಸೂಪರ್. ನಮ್ ಮಾವನೋರೂ ತಿಪಟೂರಲ್ಲೇ ಓದಿದ್ದು. ಸಣ್ಣ ಪ್ರಪಂಚ ನೋಡಿ.”

ಅಷ್ಟೇ ಮಾತು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಅವರು ಆ ಕಡೆ ಹೋದರು. ತಿರುಗಿ ನೋಡಿದರೆ ಚೈತ್ರ ನನ್ನ ಪಕ್ಕದಲ್ಲೇ ನಿಂತಿದ್ದಳು. ವಾಪಸು ಬರುವಾಗ ಕಾರಿನಲ್ಲಿ, “ಅಪ್ಪ, ನೀನು ಬಿ.ಕಾಂ. ಮಾಡಿದ್ದೀಯಾ? ನನಗೆ ಗೊತ್ತೇ ಇರ್ಲಿಲ್ಲ” ಎಂದಳು. ಹೂಂ ಕಣಮ್ಮ ಎಂದೆ. ಲಕ್ಷ್ಮಿ ಸರೋವರದ ಸೇತುವೆಯ ಕೆಳಗಿನ ನೀರು ನೋಡುತ್ತ ಕೂತಿದ್ದಳು. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳು. ಆ ದಿನ ಹೆಂಗಸರ ನಡುವೆ ಅದನ್ನೇ ಹೇಳಿ, ನಕ್ಕು, ಕೋಸಂಬರಿ ಹೆಚ್ಚಲು ಕೂತವಳು. ಮನೆಗೆ ಬಂದ ಮೇಲೂ ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಇನ್ನು ನಾನು ಓದಿದ್ದು. ಅರಸೀಕೆರೆಯಲ್ಲಿ ನಮ್ಮಪ್ಪನದೊಂದು ಹಿಟ್ಟಿನ ಗಿರಣಿ. ಬೀದಿಗೆ ಗಿರಣಿ, ಹಿಂದಕ್ಕೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಎಷ್ಟು ಮುಚ್ಚಿದರೂ ಹಿಟ್ಟು ಒಳಗೆ ಬರುತ್ತಿತ್ತು. ದೇವರ ಪಟದ ಮೇಲೆ, ಹಾಸಿಗೆಯ ಮಡಿಕೆಯಲ್ಲಿ, ಅಕ್ಕನ ಜಡೆಯಲ್ಲಿ ಹಿಟ್ಟು. ಅವ್ವ ಹಾಲಿನ ಪಾತ್ರೆಗೆ ಎರಡು ಬಟ್ಟೆ ಮುಚ್ಚುತ್ತಿದ್ದಳು. ಗಿರಣಿ ಓಡುವಾಗ ಕೂಗದೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಹಾಗಾಗಿ ಗಿರಣಿ ನಿಂತಾಗಲೂ ನಾವು ಕೂಗಿಯೇ ಮಾತಾಡುತ್ತಿದ್ದೆವು. ಬಂದವರಿಗೆ ನಮ್ಮನೆಯಲ್ಲಿ ಸದಾ ಜಗಳ ಅನ್ನಿಸುತ್ತಿತ್ತು. ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ಅಪ್ಪನ ಬಲಗೈ ಬೆಲ್ಟಿಗೆ ಸಿಕ್ಕಿ ಎರಡು ಬೆರಳು ಹೋದವು. ಮರುದಿನದಿಂದ ಗಿರಣಿಯಲ್ಲಿ ನಾನು ನಿಂತೆ. ಯಾರ ಡಬ್ಬಿ ಯಾವುದು, ಯಾರಿಗೆ ರಾಗಿ ನುಣ್ಣಗೆ ಬೇಕು, ಯಾರ ಮನೆಗೆ ರೊಟ್ಟಿಗೆ ತರಿ ಬೇಕು ಎನ್ನುವುದರಲ್ಲಿ ಒಂದು ದಿನವೂ ತಪ್ಪಲಿಲ್ಲ. ನಾಲ್ಕೈದು ತಿಂಗಳಲ್ಲಿ ಅಪ್ಪ ಎಡಗೈಯಲ್ಲಿ ಎಲ್ಲ ಮಾಡುವುದನ್ನು ಕಲಿತ. ಮತ್ತೆ ಶಾಲೆ ತೆರೆದಾಗ ಅವ್ವ ನನ್ನ ಚೀಲ ಒಗೆದು ಒಣಗಿಸಿಟ್ಟಳು.

“ಇನ್ನ ಇಸ್ಕೂಲಿಗೆ ಹೋಗ್ಲಾ ಮಗ. ಅಪ್ಪ ನೋಡ್ಕತಾರೆ.”

“ನಾ ಹೋಗಲ್ಲ.”

“ಯಾಕ್ಲಾ?”

“ಗಿರಣಿ ಯಾರ್ ನೋಡ್ತಾರೆ?”

ಪಾಪ, ಮನೆಗಾಗಿ ಓದು ಬಿಟ್ಟ ಹುಡುಗ ಎಂದು ಬೀದಿಯೆಲ್ಲ ಹೇಳಿತು. ನಾನು ಬೇಡವೆನ್ನಲಿಲ್ಲ. ನನ್ನ ಜೊತೆಯವರು ಹೈಸ್ಕೂಲಿನ ಚಡ್ಡಿ ಹಾಕಿಕೊಂಡು ಡಬ್ಬಿ ಹಿಡಿದು ಬಂದರೆ ಮಾಲೀಕನ ಹಾಗೆ ನಿಂತು, “ಸಾಯಂಕಾಲ ಬಾ” ಎನ್ನುತ್ತಿದ್ದೆ. ಅಪ್ಪನ ಕೈ ಹೋದದ್ದು ನಿಜ, ಗಿರಣಿಗೆ ನಾನು ಬೇಕಾಗಿದ್ದದ್ದೂ ನಿಜ. ಆದರೆ ಶಾಲೆ ಮತ್ತೆ ತೆರೆದ ಆ ಜೂನಿನಲ್ಲಿ ನಾನು ಶಾಲೆಗೆ ಹೋಗದಿದ್ದುದಕ್ಕೆ ಇವೆರಡೂ ಕಾರಣವಲ್ಲ. ನನಗಿಂತ ಚಿಕ್ಕವರ ಪಕ್ಕ ಬೆಂಚಿನಲ್ಲಿ ಕೂರಲು ನನ್ನಿಂದಾಗುತ್ತಿರಲಿಲ್ಲ. ಇದನ್ನು ನಾನು ಅವ್ವನಿಗೂ ಹೇಳಲಿಲ್ಲ.

ಚೈತ್ರ ಹೈಸ್ಕೂಲು ಮುಗಿಸಿದ ವರ್ಷ ಸರೋವರದ ಆಚೆಯ ಮಕ್ಕಳೆಲ್ಲ ದೊಡ್ಡ ದೊಡ್ಡ ಯೂನಿವರ್ಸಿಟಿಗಳಿಗೆ ಹೊರಟರು. ಇವಳು ಬಂದು, ಕಮ್ಯೂನಿಟಿ ಕಾಲೇಜಿಗೆ ಸೇರುತ್ತೇನೆ ಎಂದಳು. ಅವಳಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಬೇಕು. ಎರಡು ವರ್ಷ ಇಲ್ಲಿ ಓದಿ, ಆಮೇಲೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹೋಗಿ ಸೇರಬಹುದಂತೆ. ನಾನು ಮುದ್ದೆ ಮುರಿಯುವುದನ್ನು ನಿಲ್ಲಿಸಿದೆ.

“ಕಮ್ಯೂನಿಟಿ ಕಾಲೇಜ್ ಅಂದ್ರೆ ಏನ್ ಕಣೇ? ನಮ್ಮೂರ ಸಮುದಾಯ ಭವನದ ಥರಾನಾ?”

“ಅಪ್ಪ, ಪ್ಲೀಸ್. ಡಿಗ್ರಿ ಯೂನಿವರ್ಸಿಟಿದೇ ಬರತ್ತೆ. ಎಲ್ಲಿ ಸ್ಟಾರ್ಟ್ ಮಾಡ್ದೆ ಅಂತ ಯಾರೂ ಕೇಳಲ್ಲ.”

“ಜನ ಕೇಳ್ತಾರೆ ಕಣಮ್ಮ.”

“ಯಾವ ಜನ?”

ನಾನು ಎದ್ದು ಕೈತೊಳೆದೆ. ಅವಳು ಸೇರಿದಳು. ಬೆಳಿಗ್ಗೆ ಬಸ್ಸು, ಸಂಜೆ ಅಂಗಡಿಯೊಂದರಲ್ಲಿ ಕೌಂಟರಿನ ಕೆಲಸ. ಮೊದಲ ವರ್ಷ ಹೇಗೋ ದಾಟಿತು. ಎರಡನೇ ವರ್ಷ ಫಿಸಿಕ್ಸ್ ಶುರುವಾಯಿತು. ಒಂದರ ಮೇಲೊಂದು ಮೂರು ಫಿಸಿಕ್ಸ್ ಕೋರ್ಸು ಪಾಸಾಗದೆ ಎಂಜಿನಿಯರಿಂಗಿಗೆ ಅರ್ಜಿಯನ್ನೇ ಹಾಕುವಂತಿಲ್ಲ ಎಂದು ಲಕ್ಷ್ಮಿ ನನಗೆ ಬಿಡಿಸಿ ಹೇಳಿದಳು. ಮೊದಲನೆಯದರಲ್ಲೇ ಚೈತ್ರ ಒದ್ದಾಡುತ್ತಿದ್ದಳು. ಬಟ್ಟೆ ಯಂತ್ರದ ಸದ್ದು ಕೇಳಿ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವುದನ್ನು ನಾನು ಅವಳಿಗೆ ಕಲಿಸಿದ್ದೆ, ಅವಳಿಗೆ ಅದು ಬರುತ್ತಿತ್ತು. ಆದರೆ ಅದನ್ನೇ ಅಕ್ಷರ, ಅಂಕಿ, ಬಾಣದ ಗುರುತು ಮಾಡಿ ಕಾಗದದ ಮೇಲೆ ಕೇಳಿದರೆ ಅವಳ ಕೈ ನಿಂತುಬಿಡುತ್ತಿತ್ತು. ನಾನು ಎದುರು ಕೂತು ಬಿ.ಕಾಂ. ಓದಿದವನ ಮುಖ ಮಾಡಿಕೊಂಡು, “ಗಮನ ಇಟ್ಟು ಓದು” ಎನ್ನುತ್ತಿದ್ದೆ.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ನಮ್ಮನೆಯಲ್ಲಿ ಸರಸ್ವತಿ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಮುಟ್ಟುವಂತಿಲ್ಲ. ಓದು ಬಿಟ್ಟ ಮೇಲೆ ಈ ಪೂಜೆಯಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಊರಲ್ಲೇ ಇರಲಿಲ್ಲ. ಚೈತ್ರ ಹಳೆಯ ನೋಟ್‌ಬುಕ್ಕು ತಂದಿಟ್ಟಳು. ಅದಲ್ಲ, ಆ ದಪ್ಪ ಫಿಸಿಕ್ಸ್ ಪುಸ್ತಕವೇ ಬೇಕು ಎಂದೆ.

“ಅಪ್ಪ, ಮಿಡ್‌ಟರ್ಮ್ ಇದೆ. ವಿಜಯದಶಮಿ ಮಾರನೇ ದಿನವೇ.”

“ಅದಕ್ಕೇ ಕಣೇ. ಕಷ್ಟ ಇರೋದನ್ನೇ ಇಡಬೇಕು.”

“ಮೂರು ದಿನ ಓದೋದು ಬೇಡ್ವಾ?”

“ಮೂರು ದಿನ ಅಮ್ಮನೋರೇ ಓದ್ಕೊಳ್ಳಲಿ ಬಿಡು.”

ನನ್ನ ಜೋಕಿಗೆ ನಾನೊಬ್ಬನೇ ನಕ್ಕೆ. ಅವಳು ಪುಸ್ತಕ ಇಟ್ಟಳು. ನಾನು ಪಕ್ಕದಲ್ಲಿ ನನ್ನ ಸ್ಪ್ಯಾನರುಗಳನ್ನಿಟ್ಟು, ಎಲ್ಲಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದೆ. ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ ಎಷ್ಟೆಂದು ನನಗೆ ಹೇಳಲೇ ಇಲ್ಲ. ಲಕ್ಷ್ಮಿಗೆ ಹೇಳಿದ್ದಳು. ಆದರೆ ಆ ಸೋಲಿನಿಂದ ಒಂದು ದಾರಿಯೂ ತೆರೆದಿತ್ತು. ತಂದೆ ತಾಯಿ ಇಬ್ಬರೂ ಡಿಗ್ರಿ ಮಾಡಿರದ ಮನೆಗಳಿಂದ ಬಂದ ಮಕ್ಕಳಿಗಾಗಿಯೇ ಆ ಕಾಲೇಜಿನಲ್ಲಿ ಒಂದು ವಿಭಾಗವಿತ್ತು. ಜೊತೆಗೆ ಕೂತು ಪಾಠ ಹೇಳಿಕೊಡುತ್ತಾರೆ, ಟ್ರಾನ್ಸ್‌ಫರ್ ಅರ್ಜಿ ತುಂಬಿಸುತ್ತಾರೆ, ಯೂನಿವರ್ಸಿಟಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅಲ್ಲಿಗೆ ಅರ್ಜಿ ಹಾಕು ಎಂದು ಅವಳ ಮೇಷ್ಟರು ಹೇಳಿದರಂತೆ. ಹಾಕಿದಳು. ನವೆಂಬರಿನ ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಅವಳು ಮೆಟ್ಟಿಲಿಳಿದು ಬಂದು, ಒದ್ದೆ ಜಾಕೆಟ್ಟನ್ನು ಕುರ್ಚಿಗೆ ಹಾಕಿ, ಫೋನು ನೋಡುತ್ತ ಹೇಳಿದಳು:

“ಸಿಗಲಿಲ್ಲಮ್ಮ. ನಾನು ಎಲಿಜಿಬಲ್ ಅಲ್ವಂತೆ.”

“ಯಾಕೆ?” ಎಂದಳು ಲಕ್ಷ್ಮಿ.

“ಅಪ್ಪಂದು ಡಿಗ್ರಿ ಆಗಿದೆಯಲ್ಲ. ತಂದೆಯ ವಿದ್ಯಾಭ್ಯಾಸ ಅಂತ ಒಂದು ಕಾಲಂ ಇತ್ತು, ಬಿ.ಕಾಂ. ಅಂತ ಬರ್ದಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, ಸೋತ ನಗು ನಕ್ಕು, “ಸುಮ್ನೆ ಯಾಕಪ್ಪ ಅಷ್ಟೊಂದು ಓದಕ್ಕೋದೆ ನೀನು?” ಎಂದಳು.

ಲಕ್ಷ್ಮಿಯ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು. ಅದನ್ನು ಪೂರ್ತಿ ಉಂಡೆ. ಹೇಗೆ ಉಂಡೆನೋ, ಉಂಡೆ. ಈ ವಾರ ಹೇಳುತ್ತೇನೆ ಎಂದುಕೊಂಡೆ. ಆ ವಾರ ಕಾರ್ಖಾನೆಯಲ್ಲಿ ದೊಡ್ಡ ಮಿಕ್ಸರ್ ಕೆಟ್ಟಿತು. ಅದರ ಮುಂದಿನ ವಾರ ಅವಳಿಗೆ ಜ್ವರ. ಹೇಳದಿರಲು ಪ್ರತಿ ವಾರವೂ ಒಂದು ಕಾರಣ ಒದಗಿತು, ನಾನು ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡೆ. ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಫಿಸಿಕ್ಸ್ ಫೇಲು. ಮತ್ತೊಮ್ಮೆ ತೆಗೆದುಕೊಳ್ಳಬಹುದು, ಆಗಲೂ ಫೇಲಾದರೆ ಎಂಜಿನಿಯರಿಂಗ್ ಮರೆತು ಬೇರೇನಾದರೂ ನೋಡಿಕೊಳ್ಳಬೇಕು. ಆ ಸಂಜೆ ಅವಳು ಬಟ್ಟೆ ಯಂತ್ರದ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ನಾನು ಕಾರ್ಖಾನೆಯ ಬಟ್ಟೆ ಹಾಕಲು ಹೋದೆ. ಅತ್ತು ಮುಗಿದ ಮುಖ.

“ಅಪ್ಪ, ನೀನು ಕಾಲೇಜಲ್ಲಿ ಯಾವತ್ತಾದ್ರೂ ಫೇಲ್ ಆಗಿದ್ಯಾ?”

“ಇಲ್ಲ.”

“ಒಂದ್ಸಲಾನೂ?”

“ಇಲ್ಲ ಕಣಮ್ಮ.”

ಅವಳು ತಲೆಯಾಡಿಸಿದಳು. ನಾನು ಬಟ್ಟೆ ಹಾಕಿ, ಗುಂಡಿ ಒತ್ತಿ, ಅಲ್ಲಿಂದ ಹೊರಬಂದೆ. ಈ ಅಧ್ಯಾಯದಲ್ಲಿ ನನಗೆ ಅಳಿಸಿಹಾಕಬೇಕೆನ್ನಿಸುವುದು ಯುಗಾದಿಯ ದಿನದ ಮಾತನ್ನಲ್ಲ, ಈ ಎರಡು ‘ಇಲ್ಲ’ಗಳನ್ನು. ಅಡುಗೆಮನೆಯಲ್ಲಿ ಲಕ್ಷ್ಮಿ ಎಲ್ಲ ಕೇಳಿಸಿಕೊಂಡಿದ್ದಳು.

“ನೀವು ಹೇಳ್ತೀರೋ, ನಾನು ಹೇಳ್ಲೋ?”

“ನೀನು ಬಾಯಿ ಮುಚ್ಕೊಂಡಿರು.”

“ಇಷ್ಟು ವರ್ಷದಿಂದ ಅದನ್ನೇ ಅಲ್ವೇನ್ರೀ ಮಾಡ್ತಿರೋದು? ಎಸ್ಸೆಸ್ಸೆಲ್ಸಿ ಅಂತ ನಾನು ಹತ್ತು ಜನದ ಮುಂದೆ ಹೇಳ್ದೆ. ನನ್ನ ತಲೆ ಮೇಲೆ ಏನ್ ಬಿತ್ತು?”

ಜನವರಿಯಲ್ಲಿ ಕಾಲೇಜು ಶುರುವಾದ ವಾರ ನಾನು ಒಂದು ಉಪಾಯ ಮಾಡಿದೆ. ಕೆಲಸ ಮುಗಿಸಿ, ಕಾರಿನಲ್ಲೇ ಬೇರೆ ಅಂಗಿ ಹಾಕಿಕೊಂಡು, ಮಗಳಿಗೆ ತಿಳಿಯದ ಹಾಗೆ ಆ ವಿಭಾಗದ ಆಫೀಸಿಗೆ ಹೋದೆ. ಹೋಗಿ, ಅರ್ಜಿ ತಿದ್ದಿಸಿ, ಬಂದರಾಯಿತು. ಅವಳಿಗೆ ಪಾಠ ಸಿಗುತ್ತದೆ, ನನ್ನ ಬಿ.ಕಾಂ. ಮನೆಯಲ್ಲಿ ಹಾಗೇ ಉಳಿಯುತ್ತದೆ. ನಮ್ಮ ಕಡೆ ಮಗಳ ಕಾಗದಕ್ಕೆ ಅಪ್ಪ ಹೋಗಿ ಸಹಿ ಹಾಕಿ ಬಂದರೆ ಯಾರು ಏನು ಕೇಳುತ್ತಾರೆ? ಮೇಜಿನ ಹಿಂದೆ ಕೂತಿದ್ದವರು ಟ್ರಾನ್ ಎನ್ನುವ ಹೆಂಗಸು. ನನ್ನ ವಯಸ್ಸಿನವರೇ, ವಿಯೆಟ್ನಾಮಿನ ಕಡೆಯವರು. ಮಗಳ ಹೆಸರು ಹೇಳಿ, ಅವಳ ಅರ್ಜಿಯಲ್ಲಿ ಒಂದು ತಪ್ಪಾಗಿದೆ, ನಾನು ಕಾಲೇಜು ಓದಿದವನಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಲೀಸಾಗಿ ಬಂತು. ಇನ್ನೊಬ್ಬರ ಭಾಷೆಯಲ್ಲಿ ಹೇಳಿದ್ದಕ್ಕೋ ಏನೋ, ಇನ್ನೊಬ್ಬನ ವಿಷಯ ಹೇಳಿದ ಹಾಗಿತ್ತು. ಆಕೆ ಪೂರ್ತಿ ಕೇಳಿಸಿಕೊಂಡು, ಕುರ್ಚಿ ತೋರಿಸಿ, ನಿಧಾನವಾಗಿ ಬಿಡಿಸಿ ಹೇಳಿದರು. ಅವರು ಹೇಳಿದ್ದರ ಕನ್ನಡ ಇಷ್ಟು:

“ನಿಮ್ಮ ಮಗಳು ಈ ಕಾಲೇಜಿನಲ್ಲಿ ಇದ್ದಾಳೋ ಇಲ್ಲವೋ ಅನ್ನೋದನ್ನೂ ನಾನು ನಿಮಗೆ ಹೇಳೋ ಹಾಗಿಲ್ಲ. ಕಾನೂನು. ಅರ್ಜಿ ಯಾರದೋ ಅವರೇ ಬಂದು ತಿದ್ದಬೇಕು.”

“ನಾನು ಅವಳ ಅಪ್ಪ.”

“ಗೊತ್ತಾಯಿತು. ಅಪ್ಪ ಒಂದು ಹೇಳಿಕೆ ಬರೆದುಕೊಡಬಹುದು. ಅದನ್ನು ತರಬೇಕಾದವರು ವಿದ್ಯಾರ್ಥಿ. ಈ ಸಲದ ಜಾಗಗಳು ಮುಂದಿನ ಶುಕ್ರವಾರಕ್ಕೆ ತುಂಬಿಹೋಗುತ್ತವೆ.”

“ಅವಳಿಗೆ ತಿಳಿಯದ ಹಾಗೆ ಆಗೋದಿಲ್ವಾ?”

ಆಕೆ ಪೆನ್ನು ಕೆಳಗಿಟ್ಟರು. “ಇಂಥ ತಪ್ಪು ಇದೇ ಮೊದಲಲ್ಲ ಸರ್. ಆದರೆ ಸಾಮಾನ್ಯವಾಗಿ ಅಮ್ಮಂದಿರು ಫೋನ್ ಮಾಡುತ್ತಾರೆ. ಅಪ್ಪಂದಿರು ಬರುವುದು ಕಡಿಮೆ” ಎಂದರು. ಸಮಾಧಾನಕ್ಕೆ ಹೇಳಿದರೋ, ಬೈದರೋ, ನನಗೆ ಈಗಲೂ ಗೊತ್ತಿಲ್ಲ.

ಕಾರಿಗೆ ಬಂದು ಕೂತೆ. ಮನೆಗೆ ಹೋದರೆ ಮತ್ತೆ ಒಂದು ಕಾರಣ ಹುಟ್ಟುತ್ತದೆ ಎಂದು ನನಗೆ ಗೊತ್ತಿದ್ದರಿಂದ ಅಲ್ಲೇ ಕಾದೆ. ಅವಳ ಕ್ಲಾಸು ಮುಗಿಯುವಷ್ಟರಲ್ಲಿ ಗಾಜಿನ ತುಂಬ ನೀರು. ಬಸ್ಸಿನ ಕಡೆ ಹೊರಟವಳನ್ನು ಹಾರ್ನ್ ಮಾಡಿ ಕರೆದೆ. ಬೆಚ್ಚಿಬಿದ್ದು ಓಡಿಬಂದಳು.

“ಅಪ್ಪ? ಏನಾಯ್ತು? ಅಮ್ಮ ಹುಷಾರಾಗಿದಾಳಾ?”

“ಹುಷಾರಾಗಿದಾಳೆ. ಕಾರು ಹತ್ತು.”

ಅರೋರಾ ರಸ್ತೆಯ ಎರಡನೇ ಸಿಗ್ನಲಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳಬೇಕಾಗಿತ್ತು, ಸಲೀಸಾಗಿ ಬರಲಿಲ್ಲ. ಬಿ.ಕಾಂ. ಸುಳ್ಳು, ತಿಪಟೂರಿನ ಕಾಲೇಜನ್ನು ನಾನು ಹೊರಗಿನಿಂದಷ್ಟೇ ನೋಡಿದ್ದು, ಗಿರಣಿಯಲ್ಲಿ ನಿಂತೆ, ಓದಿದ್ದು ಏಳನೇ ಕ್ಲಾಸು. ಹಸಿರು ದೀಪ ಬಂದರೂ ನಾನು ಹೊರಡಲಿಲ್ಲವೆಂದು ಹಿಂದಿನವರು ಹಾರ್ನ್ ಮಾಡಿದರು. ಮನೆಗೆ ಬಂದು, ಆರು ಮೆಟ್ಟಿಲಿಳಿದು, ಚೈತ್ರ ಜಾಕೆಟ್ಟನ್ನೂ ಬಿಚ್ಚದೆ ಮೇಜಿನ ಮುಂದೆ ನಿಂತಳು. ಲಕ್ಷ್ಮಿ ನಮ್ಮಿಬ್ಬರ ಮುಖ ನೋಡಿ ಒಲೆ ಆರಿಸಿದಳು.

“ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣೇ” ಎಂದಳು ಲಕ್ಷ್ಮಿ.

“ಬಿ.ಕಾಂ. ನಂಗ್ಯಾಕಪ್ಪ ಬೇಕಿತ್ತು? ನಾನು ಯಾವತ್ತಾದ್ರೂ ಕೇಳಿದ್ನಾ?” ಅವಳ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. “ನಾನು ದಡ್ಡಿ ಅಂದ್ಕೊಂಡಿದ್ದೆ. ನಮ್ಮಪ್ಪ ಒಂದ್ಸಲಾನೂ ಫೇಲಾಗ್ದೆ ಡಿಗ್ರಿ ಮುಗಿಸಿದ, ನಂಗೆ ಒಂದು ಫಿಸಿಕ್ಸ್ ಪಾಸ್ ಮಾಡಕ್ಕಾಗಲ್ಲ ಅಂತ. ಇಡೀ ಡಿಸೆಂಬರ್ ಅದೇ ಯೋಚ್ನೆ. ನಾನು ಅಲ್ಲಿ ನೆಲದ ಮೇಲೆ ಕೂತು ಕೇಳ್ದಾಗ್ಲೂ ಹೇಳ್ಲಿಲ್ವಲ್ಲ ನೀನು.”

ಎರಡು ದಿನ ಅವಳು ತಟ್ಟೆ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ಉಂಡಳು. ಮೇಜು ಪೂರ್ತಿ ನನಗೇ ಸಿಕ್ಕಿತು, ಅಷ್ಟು ದೊಡ್ಡ ಮೇಜೆಂದು ನನಗೆ ತಿಳಿದಿರಲಿಲ್ಲ. ಮೂರನೆಯ ದಿನ ನಾನು ಕೆಲಸದಿಂದ ಬಂದಾಗ ನನ್ನ ಜಾಗದಲ್ಲಿ ಒಂದು ಬಿಳಿ ಹಾಳೆ, ಪೆನ್ನು ಇತ್ತು. ಅವಳು ಎದುರಿನ ಕುರ್ಚಿಯಲ್ಲಿ ಕೂತಿದ್ದಳು.

“ಬರಿ.”

“ನೀನು ಟೈಪ್ ಮಾಡು, ನಾನು ಸಹಿ ಹಾಕ್ತೀನಿ.”

“ನೀನೇ ಬರೀಬೇಕು.”

ಸ್ನಾನ ಮಾಡಿ ಬಂದು ಬರೆದೆ. ನನ್ನ ಹೆಸರು ಗಂಗಾಧರ, ನಾನು ಈಕೆಯ ತಂದೆ, ನಾನು ಕಾಲೇಜಿಗೆ ಹೋಗಿಲ್ಲ, ಏಳನೇ ತರಗತಿಯವರೆಗೆ ಓದಿದ್ದೇನೆ, ಮೊದಲು ತಿಳಿಸಿದ್ದು ನನ್ನ ತಪ್ಪು, ಮಗಳದಲ್ಲ. ಐದು ಸಾಲಿಗೆ ಒಂದು ಗಂಟೆಯಾಯಿತು. ಅವಳು ಓದಿ, ಮಡಿಸಿ, ಬ್ಯಾಗಿನಲ್ಲಿಟ್ಟುಕೊಂಡಳು. ಶಹಬ್ಬಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಆದರೆ ಅವತ್ತು ಮೇಜಿನ ಮೇಲೆಯೇ ಉಂಡಳು.

ಅವಳಿಗೆ ಜಾಗ ಸಿಕ್ಕಿತು. ಹಾಗೆಂದು ಕಷ್ಟವೇನೂ ಕರಗಲಿಲ್ಲ. ಬಸ್ಸು ಅದೇ, ಅಂಗಡಿಯ ಕೌಂಟರು ಅದೇ. ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿ ಒಬ್ಬರು ಅವಳ ಪಕ್ಕ ಕೂತು, ಬಾಣದ ಗುರುತು ಯಾಕೆ ಆ ಕಡೆಗೇ ಹೋಗುತ್ತದೆ ಎಂದು ಹೇಳಿಕೊಡುತ್ತಿದ್ದರು. ಅಲ್ಲಿದ್ದವರೆಲ್ಲ ಇವಳಂಥವರೇ. ಸೊಮಾಲಿಯಾದ ಹುಡುಗಿ, ಮೆಕ್ಸಿಕೋದಿಂದ ಬಂದ ಬಡಗಿಯೊಬ್ಬರ ಮಗ. ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವರು. ಮಾರ್ಚಿನಲ್ಲಿ ಫಿಸಿಕ್ಸ್ ಪಾಸಾಯಿತು. ಹೇಳಿಕೊಳ್ಳುವಂಥ ಅಂಕವೇನಲ್ಲ. ಆ ದಿನ ನಾವು ಸಿಹಿ ಮಾಡಲಿಲ್ಲ. ಅವಳು ಮನೆಗೆ ಬಂದು ಮಲಗಿ ಹನ್ನೊಂದು ಗಂಟೆ ನಿದ್ದೆ ಮಾಡಿದಳು. ಉಳಿದ ಎರಡು ಫಿಸಿಕ್ಸಿಗೆ ಮತ್ತೊಂದು ವರ್ಷವೇ ಹಿಡಿಯಿತು. ಸರೋವರದ ಆಚೆಯ ಮಕ್ಕಳು ಡಿಗ್ರಿಯ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮವಳು ಟ್ರಾನ್ಸ್‌ಫರ್ ಅರ್ಜಿ ತುಂಬಲು ಕೂತಳು. ಅವಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು, ಎಂಜಿನಿಯರಿಂಗ್ ಮುಗಿಸಿದಳು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ನನ್ನ ಮಟ್ಟಿಗೆ ಆ ಕಥೆ ಮುಗಿದದ್ದು ಸೀಟು ಸಿಕ್ಕ ದಿನವಲ್ಲ, ಅರ್ಜಿ ತುಂಬಿದ ದಿನ.

ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕಿತ್ತು, ಎಲ್ಲಿಂದ ಬಂದಿರಿ, ಯಾಕೆ ಓದಬೇಕು ಅಂತ. ಭಾನುವಾರ ಮಧ್ಯಾಹ್ನ. ಲಕ್ಷ್ಮಿ ಅವರೆಕಾಳು ಹಿಚುಕುತ್ತಿದ್ದಳು, ನಾನು ಯಾರದೋ ಗ್ರೈಂಡರಿನ ಬೆಲ್ಟು ಬದಲಿಸುತ್ತಿದ್ದೆ. ಮೇಜಿನ ಮೂರನೇ ಪಾಲಿನಲ್ಲಿ ಚೈತ್ರಳ ಲ್ಯಾಪ್‌ಟಾಪು. ಬಹಳ ಹೊತ್ತು ಟೈಪ್ ಮಾಡಿ ನಿಲ್ಲಿಸಿದಳು.

“ಅಪ್ಪ, ನಿನ್ನ ವಿಷಯ ಬರ್ದಿದೀನಿ. ಗಿರಣಿದು. ಕಳಿಸ್ಲಾ? ನೀನು ಬೇಡ ಅಂದ್ರೆ ತೆಗೀತೀನಿ, ಬೇರೆ ಬರೀತೀನಿ.”

“ಯಾರು ಓದ್ತಾರೆ?”

“ಗೊತ್ತಿಲ್ಲ. ಅಲ್ಲಿನೋರು. ನಾಲ್ಕೈದು ಜನ.”

“ಏನಂತ ಬರ್ದಿದೀಯ?”

“ನಮ್ಮಪ್ಪ ಏಳನೇ ಕ್ಲಾಸ್ ಮುಗಿಸಿ ಗಿರಣಿಗೆ ನಿಂತ ಅಂತ.”

ಸ್ಕ್ರೂಡ್ರೈವರ್ ಕೆಳಗಿಟ್ಟೆ. ಬೇಡ ಎಂದರೆ ಅವಳು ಒಂದು ಮಾತೂ ಆಡದೆ ತೆಗೆಯುತ್ತಿದ್ದಳು, ಅದು ನನಗೆ ಗೊತ್ತಿತ್ತು. ಅವಳ ಆ ಒಂದು ಸಾಲಿನಲ್ಲಿ ನನಗೆ ನಾಚಿಕೆಯಾಗುವಂಥದ್ದು ಏನೂ ಇರಲಿಲ್ಲ. ಅದೇ ತೊಂದರೆ. ಅಷ್ಟೆಲ್ಲ ಆದ ಮೇಲೂ, ಸಿಗ್ನಲಿನಲ್ಲಿ ಹೇಳುವಾಗಲೂ, ಬಿಳಿ ಹಾಳೆಯಲ್ಲಿ ಬರೆಯುವಾಗಲೂ ನಾನು ನನಗಾಗಿ ಸ್ವಲ್ಪ ಎತ್ತಿಟ್ಟುಕೊಂಡಿದ್ದೆ.

“ಮುಗಿಸಿ ಅಂತ ಬರೀಬೇಡ” ಎಂದೆ. “ಏಳನೇದು ಪರೀಕ್ಷೆಗೆ ನಾನು ಕೂರಲಿಲ್ಲ. ಪಾಸಾಗಿರೋದು ಆರು. ಮತ್ತೆ ಕಳಿಸ್ತೀನಿ ಅಂತ ಅವ್ವ ಚೀಲ ಒಗೆದಿಟ್ಟಿದ್ಲು. ಚಿಕ್ಕೋರ ಜೊತೆ ಕೂರೋಕೆ ನಾಚಿಕೆ ಅಂತ ನಾನೇ ಹೋಗ್ಲಿಲ್ಲ.”

ಲಕ್ಷ್ಮಿ ಕಾಳು ಹಿಚುಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಇದು ಅವಳಿಗೂ ಹೊಸದು. ಚೈತ್ರಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು.

“ಆರಾ? ಅಪ್ಪ, ಅಲ್ಲೂ ಒಂದು ವರ್ಷ ಸೇರಿಸಿದ್ಯಾ?”

“ಹೂಂ.”

“ಇನ್ನೇನಾದ್ರೂ ಇದೆಯಾ? ಈಗ್ಲೇ ಹೇಳ್ಬಿಡು.”

“ಇಲ್ಲ. ಆರು ಪಾಸಾಗಿದೀನಿ, ಒಳ್ಳೆ ಮಾರ್ಕ್ಸ್ ಬಂದಿತ್ತು.”

“ಒಳ್ಳೆ ಮಾರ್ಕ್ಸಂತೆ” ಎಂದು ಲಕ್ಷ್ಮಿ ಮೂಗು ಮುರಿದಳು. “ಯಾರು ನೋಡಿದಾರೋ.”

ಚೈತ್ರ ಕಣ್ಣೊರೆಸಿಕೊಂಡು ಒಂದಷ್ಟು ಅಳಿಸಿದಳು, ಒಂದಷ್ಟು ಬರೆದಳು. ನಾನು ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಹದಿನೈದು ನಿಮಿಷವಾಗಿರಬಹುದು. ಅವಳು ಲ್ಯಾಪ್‌ಟಾಪನ್ನು ಎತ್ತಿ, ನಟ್ಟು ಬೋಲ್ಟುಗಳನ್ನು ಮೊಣಕೈಯಿಂದ ಸರಿಸಿ, ನನ್ನ ಮುಂದೆ ಇಟ್ಟಳು.

“ಓದಿ ನೋಡು. ಸರಿ ಇದ್ರೆ ಕಳಿಸ್ತೀನಿ.”

“ನನಗೆ ಹೊತ್ತಾಗತ್ತೆ ಕಣಮ್ಮ. ಇಂಗ್ಲಿಷು.”

“ಆಗ್ಲಿ.”

ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡೆ. ಮೊದಲನೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದತೊಡಗಿದೆ. ಮಗಳು ಕುರ್ಚಿಗೊರಗಿ ಕಾಯುತ್ತ ಕೂತಳು.